ರೆಪ್ಪೆ ಮಿಟುಕುವ ತನಕ

ಕಾಂಪೌಂಡರ್ ಹಿತ್ತಲ ಬಾಗಿಲು ತಟ್ಟಿದಾಗ ಅವಳು ಹೊಲಿಗೆ ಮಷೀನಿನ ಕೆಳಗೆ ಬಗ್ಗಿ, ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಒಂದು ಕೋಳಿಮರಿಯನ್ನು ಬಚ್ಚಿಡುತ್ತಿದ್ದಳು.

"ಟೈಲರಮ್ಮಾ, ಮರಿಗಳೆಲ್ಲ ರೆಡಿನಾ?"

"ರೆಡಿ, ರೆಡಿ! ಬಂದೆ!"

ಬುಟ್ಟಿಯ ಮೇಲೆ ಹಳೇ ಕರ್ಟನ್ ತುಂಡೊಂದನ್ನು ಎಳೆದು, ಕೈ ಒರೆಸಿಕೊಂಡು ಹೊರಗೆ ಬಂದಳು. ದನದಾಸ್ಪತ್ರೆಯ ಕಾಂಪೌಂಡರ್ ಎಂದಿನಂತೆ ಐಸ್ ತುಂಬಿದ ನೀಲಿ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು. ಕೋಳಿಗೂಡಿಗೆ ಬರಲು ಇಸ್ತ್ರಿ ಯಾಕೆ ಬೇಕು ಎಂದು ಬೇರೆ ದಿನವಾಗಿದ್ದರೆ ಕಾಲೆಳೆಯುತ್ತಿದ್ದಳು. ಇವತ್ತು ಕಿವಿ ಒಳಗಿನ ಬುಟ್ಟಿಯ ಕಡೆಗೇ ಇತ್ತು.

ಹಿಂದಿನ ಬೀದಿಯಲ್ಲಿ ಆಗಲೇ ಕೋಳಿಗಳಿಗೆ ಕೊಕ್ಕರೆ ರೋಗ ಬಿದ್ದು ಗೂಡಿಗೆ ಗೂಡೇ ಖಾಲಿಯಾಗಿತ್ತು. ಮೊದಲು ಕಾಲು ಸೋಲುತ್ತದೆ, ಆಮೇಲೆ ಕತ್ತು ತಿರುಚುತ್ತದೆ ಎಂದು ಜನ ಹೇಳುತ್ತಿದ್ದರು. ಅವಳ ಮುದ್ದಿನ ಕಂದು ಮರಿ ಬೆಳಿಗ್ಗೆ ಎದ್ದವಳೆದುರಿಗೆ ಒಂದು ಕಾಲು ಊರಲಾರದೆ ತೂಕಡಿಸುತ್ತ ಕೂತಿತ್ತು.

ಹೇಳಿದ್ದರೆ ಮುಗಿಯುತ್ತಿತ್ತಲ್ಲ ಅನ್ನಬಹುದು. ಮುಗಿಯುತ್ತಿತ್ತು, ಎಲ್ಲವೂ. ಆ ರೋಗದ ಲಸಿಕೆಯ ಬಾಟಲಿ ಕಿರುಬೆರಳಿನಷ್ಟೇ ಇದ್ದರೂ ಅದು ನೂರು ಮರಿಗೆ ಸಾಲುವಂಥದ್ದು. ಒಮ್ಮೆ ನೀರು ಬೆರೆಸಿದರೆ ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಉಳಿದದ್ದು ದಂಡ. ಹಿತ್ತಲಲ್ಲಿ ನಾಲ್ಕು ಮರಿ ಸಾಕುವವರಿಗಾಗಿ ಯಾರೂ ಬಾಟಲಿ ಒಡೆಯುವುದಿಲ್ಲ. ಅದಕ್ಕೇ ಅವಳು ಮನೆಮನೆ ತಿರುಗಿ, ಕೈಕಾಲು ಹಿಡಿದು, ಬೀದಿಯ ಐದು ಮನೆಯವರನ್ನು ಒಂದೇ ದಿನಕ್ಕೆ ಒಪ್ಪಿಸಿದ್ದಳು. ರೋಗ ಹೊಕ್ಕ ಗೂಡಿಗೆ ಲಸಿಕೆ ಹಾಕುವುದಿಲ್ಲ; ಅದರ ಸುಳಿವು ಸಿಕ್ಕರೆ ಅವನು ಪೆಟ್ಟಿಗೆ ತೆರೆಯದೆ ವಾಪಸ್ ಹೋಗುತ್ತಾನೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ. ನಾವಾದರೂ ಹೇಳಿಬಿಡೋಣ: ಅವಳಿಗೆ ಅವನು ಬರಬೇಕಿತ್ತು.

ನೆರಳಿನಲ್ಲಿ ಕೂತು ಅವನು ಬಾಟಲಿಯ ಸೀಲು ಒಡೆದು ನೀರು ಬೆರೆಸಿದ. ಹಿಡಿಯುವುದು ಅವಳ ಕೆಲಸ, ಕಣ್ಣಿಗೊಂದು ಹನಿ ಬಿಡುವುದು ಅವನದು.

"ರೆಪ್ಪೆ ಮಿಟುಕೋ ತನಕ ಬಿಡಬೇಡಿ. ಹನಿ ಒಳಗೆ ಹೋಗ್ಬೇಕು."

ಮರಿಯ ಕಣ್ಣು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದನ್ನು ನೋಡಲು ಇಬ್ಬರೂ ಬಗ್ಗಲೇಬೇಕು. ಬಗ್ಗಿದರೆ ಅವನ ಹಣೆಯ ಮೇಲಿನ ಬೆವರು, ಉಸಿರು ಬಿಗಿಹಿಡಿದ ತುಟಿ, ಎಲ್ಲ ಹತ್ತಿರ.

"ಮರಿ ಕಣ್ಣು ನೋಡಿ ಅಂದೆ. ನನ್ನನ್ನಲ್ಲ."

"ಯಾರ್ರೀ ನೋಡಿದ್ದು ನಿಮ್ಮನ್ನ?"

"ಮತ್ತೆ ಮರಿ ಯಾಕೆ ತಲೆಕೆಳಗಾಗಿದೆ?"

ಗಾಬರಿಯಲ್ಲಿ ಮರಿಯನ್ನು ನೆಟ್ಟಗೆ ಹಿಡಿದಳು. ಅವನು ನಕ್ಕ. ಅಪರೂಪಕ್ಕೆ ನಗುವವನು, ಅದೂ ಇವತ್ತೇ ನಗಬೇಕಿತ್ತೇ? ಅಷ್ಟರಲ್ಲಿ ಒಳಗಿನಿಂದ ಸಣ್ಣಗೆ 'ಚಿಂವ್' ಎಂದಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳು ಜೋರಾಗಿ ಕೆಮ್ಮಿದಳು.

"ನೀರು ಕುಡೀರಿ," ಎಂದ ಅವನು, ಹನಿಯಿಂದ ಕಣ್ಣು ಕೀಳದೆ.

ಗೋಡೆಯಾಚೆಯಿಂದ ಅವಳ ಸೋದರತ್ತೆ ಕೂಗಿದಳು. "ಏನಪ್ಪಾ ಐಸ್ ಪೆಟ್ಟಿಗೆ, ಬೇಗ ಬಾರೋ! ನೀನು ಬರೋಷ್ಟರಲ್ಲಿ ನನ್ನ ಮರಿಗಳು ದೊಡ್ಡವಾಗಿ ಮೊಟ್ಟೆ ಇಟ್ಟಾವು!"

ಕೊನೆಯ ಮರಿಯೂ ಮುಗಿಯಿತು. ಅವನು ಬಾಟಲಿಯನ್ನು ಐಸಿನಲ್ಲಿಟ್ಟು ಎದ್ದ. "ನಿಮ್ಮತ್ತೆ ಮನೆಗೆ ಹೋಗ್ತೀನಿ."

ಅವಳ ಕಣ್ಣು ಅವನ ಕೈ ಮೇಲೆ ಬಿತ್ತು. ಈ ರೋಗ ಕೈಯಲ್ಲಿ ಹೋಗುತ್ತದೆ, ಚಪ್ಪಲಿಯಲ್ಲಿ ಹೋಗುತ್ತದೆ ಎಂದು ಹೇಳಿಕೊಟ್ಟವನೇ ಅವನು. ಆ ಕೈ ಈಗ ಅತ್ತೆಯ ಗೂಡಿಗೆ, ಅಲ್ಲಿಂದ ಆಚೆ ಮನೆಗೆ, ಅದರಾಚೆ ಮನೆಗೆ. ಅವಳನ್ನು ನಂಬಿ ಮರಿಗಳನ್ನು ಬುಟ್ಟಿಯಲ್ಲಿ ಮುಚ್ಚಿಟ್ಟುಕೊಂಡು ಕಾಯುತ್ತಿದ್ದ ಇಡೀ ಬೀದಿಗೆ.

"ನಿಲ್ಲಿ!"

ದನಿ ಅವಳಿಗೇ ವಿಚಿತ್ರವಾಗಿ ಕೇಳಿತು. "ಒಂದು ಮರಿ… ಒಳಗಿದೆ. ಬೆಳಿಗ್ಗೆಯಿಂದ ಕಾಲು ಊರ್ತಿಲ್ಲ. ನಾನು ಬಚ್ಚಿಟ್ಟೆ."

ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

"ಬಾಟಲಿ ಒಡೆದಾಯ್ತು," ಎಂದ. "ಈ ಕೈಯಲ್ಲೇ ನಾನು ಆ ಮನೆ ಒಳಗೆ ಹೋಗಿದ್ರೆ?"

ಬುಟ್ಟಿ ತಂದು ಅವನ ಮುಂದಿಟ್ಟಳು. ಮರಿ ಹೋದರೆ ಹೋಗಲಿ ಎನ್ನುವಷ್ಟು ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. ಆದರೆ ಈ ಮನುಷ್ಯ ಇನ್ನು ಮುಂದೆ ತನ್ನ ಮಾತು ನಂಬುವುದಿಲ್ಲ ಅನ್ನುವುದನ್ನು ನುಂಗಲು ಆಗಲಿಲ್ಲ.

ಅವನು ಸೋಪು ಹಾಕಿ ಕೈ ತೊಳೆದು ಮರಿಯನ್ನು ಎತ್ತಿಕೊಂಡ. ಕತ್ತು ನೋಡಿದ. ಕಿವಿಗೆ ಹಿಡಿದು ಉಸಿರು ಕೇಳಿದ. ಹಿಂಭಾಗದ ಪುಕ್ಕ ಸರಿಸಿ ನೋಡಿದ. ಅಂಗೈಯಲ್ಲಿ ನುಚ್ಚು ಇಟ್ಟ, ಮರಿ ಕುಕ್ಕಿತು. ಅವನ ಹುಬ್ಬು ಮಾತ್ರ ಗಂಟಿಕ್ಕಿಕೊಂಡೇ ಇತ್ತು. ಕಾಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಕತ್ತರಿ ಕೊಡಿ. ಸಣ್ಣದು."

"ಯಾಕೆ?"

"ಕೊಡಿ."

ನೂಲು ಕತ್ತರಿಸುವ ಕತ್ತರಿ ಕೊಟ್ಟು ಕಣ್ಣು ಮುಚ್ಚಿಕೊಂಡಳು. ಮರಿ ಒಮ್ಮೆ ಕಿರುಚಿತು. ಆಮೇಲೆ ಸದ್ದಿಲ್ಲ.

"ಕಣ್ಣು ಬಿಡಿ, ಟೈಲರಮ್ಮಾ."

ಕತ್ತರಿಯ ತುದಿಯಲ್ಲಿ ಹಳದಿ ದಾರದ ತುಣುಕೊಂದು ನೇತಾಡುತ್ತಿತ್ತು.

ಯಾವ ಮರಿ ಯಾವ ಹೇಂಟೆಯದು ಎಂದು ಗುರುತಿಗಾಗಿ ಮೊಟ್ಟೆಯೊಡೆದ ದಿನವೇ ಕಾಲಿಗೆ ಬಣ್ಣದ ದಾರ ಕಟ್ಟುವುದು ಅವಳ ಪದ್ಧತಿ. ಉಳಿದವುಗಳದ್ದು ಸಡಿಲವಾಗಿ ಬಿದ್ದುಹೋಗಿತ್ತು. ಇದು ಮುದ್ದಿನದು ಎಂದು ಎರಡು ಗಂಟು ಹಾಕಿದ್ದಳು. ಕಾಲು ಬೆಳೆದಿತ್ತು, ದಾರ ಬೆಳೆದಿರಲಿಲ್ಲ. ಹಳದಿ ಕಾಲಿನ ಬಾವಿನೊಳಗೆ ಹಳದಿ ದಾರ ಹೂತುಹೋಗಿತ್ತು.

"ಮಕ್ಕಳ ಬಟ್ಟೆ ಹೊಲಿಯೋವಾಗ ಏನ್ ಮಾಡ್ತೀರಿ?" ಅವನು ಕೇಳಿದ.

"ಒಳಗೆ ಒಂದಿಷ್ಟು ಬಟ್ಟೆ ಬಿಡ್ತೀವಿ. ಬೆಳೀತಾವಲ್ಲ…" ಅರ್ಧಕ್ಕೇ ನಿಲ್ಲಿಸಿ ಬಾಯಿಗೆ ಕೈ ಇಟ್ಟುಕೊಂಡಳು. ನಗುವೋ ಅಳುವೋ ತಿಳಿಯದೆ ಎರಡೂ ಒಟ್ಟಿಗೆ ಬಂತು.

ಗೋಡೆಯ ಮೇಲೆ ಅತ್ತೆಯ ತಲೆ ಕಾಣಿಸಿತು. "ಹಗ್ಗ ನೋಡಿ ಹಾವು ಅನ್ನೋರನ್ನ ಕಂಡಿದ್ದೆ. ದಾರ ಕಟ್ಟಿ ರೋಗ ಅನ್ನೋಳನ್ನ ಇವತ್ತೇ ಕಂಡಿದ್ದು!" ಎಂದು ತಲೆ ಮಾಯವಾಯಿತು.

ಅವನು ಮಾತ್ರ ನಗಲಿಲ್ಲ. ಗಾಯಕ್ಕೆ ಮುಲಾಮು ಹಚ್ಚುತ್ತ ಕೇಳಿದ. "ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತಿರ್ಲಿಲ್ಲ."

"ಲಸಿಕೆ ಬರ್ತಿರ್ಲಿಲ್ಲ." ಅವನ ಕಿವಿ ಕೆಂಪಾಗಿತ್ತು. ಕಣ್ಣು ಮರಿಯ ಕಾಲಿನ ಮೇಲೇ ಇತ್ತು. "ನಾನು ಬರ್ತಿದ್ದೆ."

ಪೆಟ್ಟಿಗೆಯೊಳಗೆ ಐಸು ಕರಗಿ ಸರಿದ ಸದ್ದಾಯಿತು. ಹೊತ್ತು ಓಡುತ್ತಿತ್ತು, ಐದು ಮನೆ ಕಾಯುತ್ತಿದ್ದವು. ಅವಳಿಗೆ ಹೇಳುವುದಿದ್ದರೆ ಈಗಲೇ.

"ಇನ್ಮೇಲೆ ಏನೂ ಬಚ್ಚಿಡಲ್ಲ," ಎಂದಳು.

"ನಂಬೋದು ಹೇಗೆ?"

"ಆಗ ನೋಡಿದ್ದು ಹೌದು. ಮರಿ ಕಣ್ಣಲ್ಲ, ನಿಮ್ಮನ್ನೇ. ಮೊದಲಿಂದಾನೂ ನಿಮ್ಮನ್ನೇ."

ಅವನು ಐಸಿನಿಂದ ಬಾಟಲಿ ತೆಗೆದ. ಅವಳು ಕಂದು ಮರಿಯನ್ನು ಹಿಡಿದಳು. ಮರಿ ಕೊಸರಾಡಿದ್ದರಿಂದ ಅವನು ತನ್ನ ಎಡಗೈಯನ್ನು ಅವಳ ಬೆರಳುಗಳ ಮೇಲೆ ಇಟ್ಟು ಹಿಡಿದ. ಹನಿ ಬಿತ್ತು. ಇಬ್ಬರೂ ಬಗ್ಗಿ ಕಾದರು.

ಮರಿ ರೆಪ್ಪೆ ಮಿಟುಕಿಸಿತು. ಇಬ್ಬರೂ ಕೈ ಬಿಡಲಿಲ್ಲ.