ತಾತನ ಹಲ್ಲು, ಚೋಟುವಿನ ಹೊಟ್ಟೆ

"ಬಂತಾ?" ಬಚ್ಚಲುಮನೆಯ ಬಾಗಿಲಿಗೆ ಮೂಗು ತಾಗಿಸಿ ಅಪ್ಪ ಕೇಳಿದ.

"ಇಲ್ಲ." ಒಳಗಿನಿಂದ ಚೋಟುವಿನ ದನಿ.

"ಇನ್ನೊಂದು ಸಲ ತಿಣುಕು ಕಂದ."

"ತಿಣುಕ್ದೆ. ನೋಯತ್ತೆ." ಆಮೇಲೆ ಅಳು ಶುರುವಾಯಿತು.

ಬಾಗಿಲ ಹೊರಗೆ ಮನೆಯವರೆಲ್ಲ ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ನಿಂತಿದ್ದರು. ಮುಂದೆ ಅಪ್ಪ. ಅವನ ಹಿಂದೆ ಬಿಸಿನೀರಿನ ಲೋಟ ಹಿಡಿದ ಅಮ್ಮ. ಅಮ್ಮನ ಹಿಂದೆ ತಾತ. ಕೊನೆಯಲ್ಲಿ ಬೆನ್ನಿಗೆ ಸ್ಕೂಲ್ ಬ್ಯಾಗು ಏರಿಸಿ, ಒಂದೇ ಕಾಲಿಗೆ ಶೂ ಹಾಕಿಕೊಂಡ ಮಿಡತೆ.

ಮಿಡತೆ ಅವಳ ನಿಜವಾದ ಹೆಸರಲ್ಲ. ಕೂತಲ್ಲಿ ಕೂರುವುದಿಲ್ಲ ಎಂದು ತಾತ ಇಟ್ಟ ಹೆಸರು. ಐದನೇ ಕ್ಲಾಸಿಗೆ ಬಂದರೂ ಅದು ಅವಳನ್ನು ಬಿಟ್ಟಿರಲಿಲ್ಲ. ಒಳಗೆ ಅಳುತ್ತಿದ್ದವನು ಅವಳ ತಮ್ಮ, ಮೂರೂವರೆ ವರ್ಷದವನು. ಇವತ್ತು ಗುರುವಾರ. ಸೋಮವಾರದಿಂದ ಅವನ ಹೊಟ್ಟೆ ಖಾಲಿಯಾಗಿರಲಿಲ್ಲ.

ಮಕ್ಕಳ ಡಾಕ್ಟರು ಹೇಳಿದ್ದು ಬಹಳ ಸುಲಭವಾಗಿತ್ತು. "ತರಕಾರಿ ತಿನ್ನಿಸಿ, ಹಣ್ಣು ತಿನ್ನಿಸಿ, ನೀರು ಕುಡಿಸಿ. ಬರೀ ಹಾಲು, ಬ್ರೆಡ್ಡು ಅಂತ ಬಿಟ್ರೆ ಹೊಟ್ಟೆ ಕಲ್ಲಾಗತ್ತೆ. ಭಾನುವಾರದೊಳಗೆ ಸರಿಹೋಗದಿದ್ರೆ ಕರ್ಕೊಂಡು ಬನ್ನಿ, ಹಿಂದಿನಿಂದ ಔಷಧಿ ಹಾಕೋಣ."

ಹಿಂದಿನಿಂದ ಅಂದರೆ ಎಲ್ಲಿಂದ ಎಂದು ಚೋಟು ದಾರಿಯುದ್ದಕ್ಕೂ ಕೇಳಿದ್ದ. ದೊಡ್ಡವರು ಯಾರೂ ಹೇಳಿರಲಿಲ್ಲ. ಮಿಡತೆ ಹೇಳಿದ್ದಳು. ಅಂದಿನಿಂದ ಡಾಕ್ಟರ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವನು ಓಡಿಹೋಗಿ ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದ.

ಹಾಗೆ ಹೇಳಬಾರದಿತ್ತು ಎಂದು ಮಿಡತೆಗೆ ಈಗ ಅನ್ನಿಸುತ್ತಿತ್ತು. ಒಳಗಿನ ಅಳು ಕೇಳುತ್ತಲೇ ಅವಳು ಇನ್ನೊಂದು ಶೂ ಹುಡುಕಿದಳು.

ಶಾಲೆಯಲ್ಲೂ ಆ ಅಳು ಅವಳ ಕಿವಿಯಲ್ಲೇ ಇತ್ತು. ಲೆಕ್ಕದ ಪೀರಿಯಡ್‌ನಲ್ಲಿ ಪೆನ್ಸಿಲ್ ಸಿಗದೆ ಬ್ಯಾಗನ್ನೆಲ್ಲ ತಡಕಾಡಿದಳು. ಪಕ್ಕದ ಹುಡುಗಿ ಸುಮ್ಮನೆ ಅವಳ ಕಿವಿಯ ಕಡೆ ಬೆರಳು ತೋರಿಸಿದಳು.

"ಪೆನ್ಸಿಲ್ ಕಿವಿ ಮೇಲೆ ಸಿಕ್ಕಿಸ್ಕೊಳ್ಳೋದು ಯಾರನ್ನ ನೋಡಿ ಕಲಿತೆ?" ಎಂದರು ಮಿಸ್.

"ಯಾರನ್ನೂ ಇಲ್ಲ ಮಿಸ್. ಅದೇ ಹೋಗಿ ಕೂತ್ಕೊಳ್ಳತ್ತೆ."

ಕ್ಲಾಸಿಗೆ ಕ್ಲಾಸೇ ನಕ್ಕಿತು.

ಆ ರಾತ್ರಿ ಊಟಕ್ಕೆ ಅಪ್ಪ ತನ್ನ ವಿದ್ಯೆಯನ್ನೆಲ್ಲ ಹಾಕಿದ್ದ. ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವವನು. ಅವನ ಕೈಗೆ ಚಾಕು ಸಿಕ್ಕರೆ ಕ್ಯಾರೆಟ್ ನಕ್ಷತ್ರವಾಗುತ್ತಿತ್ತು, ಸೌತೆಕಾಯಿ ದೋಣಿಯಾಗುತ್ತಿತ್ತು. ಬೀನ್ಸನ್ನು ಅವನು ಸ್ಕೇಲ್ ಇಟ್ಟ ಹಾಗೆ ಒಂದೇ ಅಳತೆಗೆ ಕತ್ತರಿಸಿದ್ದ.

ಅಮ್ಮನ ದಾರಿ ಬೇರೆ. ಅವಳ ಕೆಲಸ ಬಸ್ ನಿಲ್ದಾಣದಲ್ಲಿ, ಮೈಕಿನ ಮುಂದೆ. ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ದಿನವಿಡೀ ಹೇಳಿ ಹೇಳಿ ಅವಳ ಮಾತಿಗೆ ಆ ರಾಗವೇ ಅಂಟಿತ್ತು.

"ಪ್ರಯಾಣಿಕರ ಗಮನಕ್ಕೆ," ಎಂದಳು ಅಮ್ಮ, ಚಮಚ ಎತ್ತಿ. "ಕ್ಯಾರೆಟ್ ಎಕ್ಸ್‌ಪ್ರೆಸ್ ಇನ್ನು ಕೆಲವೇ ಕ್ಷಣಗಳಲ್ಲಿ ಬಾಯಿ ನಿಲ್ದಾಣಕ್ಕೆ ಬರಲಿದೆ."

"ನಿಲ್ದಾಣ ಕ್ಲೋಸ್," ಎಂದು ಚೋಟು ಬಾಯಿ ಮುಚ್ಚಿದ.

ಮಿಡತೆಯ ಕುರ್ಚಿಯ ಮೇಲೆ ಪುಸ್ತಕಗಳ ರಾಶಿ ಬಿದ್ದಿತ್ತು. ಅಮ್ಮ ನಿಂತೇ ಇದ್ದುದರಿಂದ ಅವಳು ಅಮ್ಮನ ಕುರ್ಚಿಯಲ್ಲಿ ಕೂತಿದ್ದಳು. ಅಲ್ಲಿಂದ ಎದುರಿಗೆ ತಾತ, ತಾತನಿಗೆ ಅಂಟಿಕೊಂಡು ಚೋಟು. ಇಬ್ಬರೂ ಫೋಟೋಗೆ ಕೂತ ಹಾಗೆ ಕಾಣುತ್ತಿದ್ದರು. ಚೋಟುವಿನ ಎತ್ತರದ ಕುರ್ಚಿ ತಾತನೇ ಮಾಡಿದ್ದು. ಅವರು ಊಟ ಮಾಡುತ್ತಿದ್ದ ಮೇಜೂ ತಾತ ಮಾಡಿದ್ದೇ. ಅವನು ಮೊದಲು ಬಡಗಿ ಕೆಲಸ ಮಾಡುತ್ತಿದ್ದ.

ಎಲ್ಲರ ಕಣ್ಣೂ ಚೋಟುವಿನ ಬಾಯಿಯ ಮೇಲೆ. ಹಾಗಾಗಿ ತಾತನ ತಟ್ಟೆಯನ್ನು ಯಾರೂ ನೋಡಲಿಲ್ಲ. ಮಿಡತೆ ನೋಡಿದಳು.

ತಾತ ಒಂದು ಬೀನ್ಸ್ ಎತ್ತಿದ. ಅದನ್ನು ತಿರುಗಿಸಿ ನೋಡಿದ. ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದ. ಆಮೇಲೆ ಬ್ರೆಡ್ಡನ್ನು ಹಾಲಿಗೆ ಅದ್ದಿ ಬಾಯಿಗಿಟ್ಟ.

ಚೋಟು ಒಂದು ಬೀನ್ಸ್ ಎತ್ತಿದ. ತಿರುಗಿಸಿ ನೋಡಿದ. ತಟ್ಟೆಯ ಅಂಚಿಗೆ, ಅದೇ ಜಾಗಕ್ಕೆ ಸರಿಸಿದ. ಬ್ರೆಡ್ಡನ್ನು ಹಾಲಿಗೆ ಅದ್ದಿದ.

ಮಿಡತೆ ಅಗಿಯುವುದನ್ನು ನಿಲ್ಲಿಸಿದಳು.

"ತಾತ, ನಿನ್ನ ಮೂಗಿನ ಮೇಲೆ ಏನೋ ಇದೆ."

ತಾತ ಮೂಗು ಒರೆಸಿಕೊಂಡ. ಚೋಟು ಮೂಗು ಒರೆಸಿಕೊಂಡ.

ಅರೆ, ಇವನು ಮೊದಲೆಲ್ಲ ಕ್ಯಾರೆಟ್ ಕಂಡರೆ ಮೊಲದ ಹಾಗೆ ಕಡಿಯುತ್ತಿದ್ದವನು. ಬಿಟ್ಟಿದ್ದು ಯಾವಾಗ? ಹೋದ ತಿಂಗಳು ತಾತನಿಗೆ ಹೊಸ ಹಲ್ಲು ಸೆಟ್ ಬಂದಮೇಲೆ. ಹಲ್ಲು ಬಂದಮೇಲೆ ತಾತ ಎಲ್ಲ ತಿನ್ನಬೇಕಿತ್ತಲ್ಲ?

ಮಾರನೆಯ ದಿನ ಸ್ಕೂಲಿನಿಂದ ಬಂದವಳೇ ಅವಳು ಹಿತ್ತಿಲಿನ ಶೆಡ್ಡಿಗೆ ಹೋದಳು. ತಾತ ಹಗಲೆಲ್ಲ ಇರುತ್ತಿದ್ದುದು ಅಲ್ಲೇ. ಕೆಲಸ ಬಿಟ್ಟು ವರ್ಷಗಳಾದರೂ ಅವನ ಗರಗಸ, ಉಳಿಗಳೆಲ್ಲ ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನೇತಾಡುತ್ತಿದ್ದವು. ಕಿವಿಯ ಮೇಲಿನ ಪೆನ್ಸಿಲ್ ಮಾತ್ರ ಇನ್ನೂ ರಿಟೈರ್ ಆಗಿರಲಿಲ್ಲ.

ತಾತ ಕಿಟಕಿಗೆ ಮುಖ ಮಾಡಿ ಕೂತಿದ್ದ. ಒಂದು ಕೈಯಲ್ಲಿ ಹಲ್ಲು ಸೆಟ್. ಇನ್ನೊಂದರಲ್ಲಿ ಸ್ಯಾಂಡ್ ಪೇಪರ್.

"ತಾತ."

ತಾತ ಬೆಚ್ಚಿ ಹಲ್ಲನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಏನು ಪ್ರಯೋಜನ ಎನ್ನಿಸಿ ಹೊರಗೆ ತೆಗೆದ.

"ನೋಡಿದ್ಯಾ?" ಹಲ್ಲಿಲ್ಲದ ಬಾಯಲ್ಲಿ ಮಾತು ಗಾಳಿಯಾಗಿ ಬಂತು.

"ನೋಡ್ದೆ."

"ಬಾ ಕೂತ್ಕೋ ಹಾಗಾದ್ರೆ. ಬಾಗಿಲು ಹಾಕು."

ಮಿಡತೆ ಮರದ ತುಂಡಿನ ಮೇಲೆ ಕೂತಳು. ತಾತ ಹಲ್ಲನ್ನು ಬೆಳಕಿಗೆ ಹಿಡಿದ.

"ಎಡಗಡೆ ಒಂಚೂರು ಒತ್ತುತ್ತಿತ್ತು ಕಣೇ. ಬಾಗಿಲು ಚೌಕಟ್ಟಿಗೆ ಹಿಡಿದ್ರೆ ಏನು ಮಾಡ್ತಾರೆ? ಒಂದೆಳೆ ಉಜ್ಜಿ ತೆಗೀತಾರೆ. ನಾನೂ ತೆಗೆದೆ."

"ಆಮೇಲೆ?"

"ಆಮೇಲೆ ಎಡಗಡೆ ಸಡಿಲ ಆಯ್ತು. ಸರಿ, ಸಮ ಮಾಡೋಣ ಅಂತ ಬಲಗಡೆ ಒಂಚೂರು ತೆಗೆದೆ. ಆಮೇಲೆ ಮತ್ತೆ ಎಡಗಡೆ." ತಾತ ಉಸಿರು ಬಿಟ್ಟ. "ಈಗ ಕಾಲು ಮೋಟಾದ ಮೇಜಿನ ಹಾಗೆ ಬಾಯಲ್ಲಿ ಕುಣಿಯತ್ತೆ. ಏನಾದ್ರೂ ಅಗಿದ್ರೆ ವಸಡಿಗೆ ಹೋಗಿ ಕಚ್ಚತ್ತೆ."

"ಡಾಕ್ಟರ್ ಹತ್ರ ಹೋಗ್ಬಹುದಲ್ಲ?"

"ಏನಂತ ಹೇಳ್ಲಿ? ಜನ ಬಾಗಿಲನ್ನ ತಾವೇ ಕೆರೆದು ಹಾಳು ಮಾಡಿ ಆಮೇಲೆ ನನ್ನ ಕರೀತಿದ್ರು. ಎಷ್ಟು ಜನಕ್ಕೆ ಬೈದಿದ್ದೀನಿ ಗೊತ್ತಾ? 'ಬರದೇ ಇರೋ ಕೆಲಸಕ್ಕೆ ಕೈ ಹಾಕಬೇಡಿ, ಬಡಗಿ ಸತ್ತು ಹೋಗಿದ್ನಾ' ಅಂತ. ಈಗ ಆ ಡಾಕ್ಟರ್ ನನಗೆ ಅದನ್ನೇ ಹೇಳಲ್ವಾ? ನಿಮ್ಮಮ್ಮ ಬೇರೆ ಈ ಹಲ್ಲಿಗೋಸ್ಕರ ಮೂರು ಸಲ ರಜಾ ಹಾಕಿದಾಳೆ." ತಾತ ಅವಳ ಕಡೆ ತಿರುಗಿದ. "ನೀನು ಹೇಳಲ್ಲ ತಾನೇ?"

ಮಿಡತೆ ಗರಗಸಗಳ ಕಡೆ ನೋಡಿದಳು. ನೆಲ ನೋಡಿದಳು. ತಾತ ಅವಳಿಂದ ಏನನ್ನಾದರೂ ಬೇಡಿದ್ದು ಇದೇ ಮೊದಲು.

"ಹೇಳಲ್ಲ," ಎಂದಳು. "ಆದ್ರೆ ತಾತ, ಚೋಟು ತರಕಾರಿ ಬಿಟ್ಟಿರೋದು ನಿನ್ನ ನೋಡಿ."

"ಹೋಗೇ. ಅವನಿಗೂ ನನ್ನ ಹಲ್ಲಿಗೂ ಏನು ಸಂಬಂಧ?"

"ಇವತ್ತು ಊಟಕ್ಕೆ ಕೂತಾಗ ನೀನೇ ನೋಡು."

ರಾತ್ರಿ ಮತ್ತೆ ಅಪ್ಪನ ನಕ್ಷತ್ರಗಳು ಬಂದವು. ಕ್ಯಾರೆಟ್ ಎಕ್ಸ್‌ಪ್ರೆಸ್ ಎರಡು ಸಲ ಬಂದು ಎರಡು ಸಲ ವಾಪಸ್ ಹೋಯಿತು. ಚೋಟು ಮಧ್ಯೆ ಮಧ್ಯೆ ಹೊಟ್ಟೆ ಹಿಡಿದುಕೊಂಡು ಮುಲುಕುತ್ತಿದ್ದ.

ತಾತ ಒಂದು ಕ್ಯಾರೆಟ್ ನಕ್ಷತ್ರ ಎತ್ತಿದ. ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದ. ಚೋಟುವಿನ ಕೈಯಲ್ಲೂ ಒಂದು ನಕ್ಷತ್ರ. ತಾತ ಅದನ್ನು ಅಂಚಿಗೆ ಸರಿಸಿದ. ಚೋಟು ಸರಿಸಿದ. ತಾತ ಅದನ್ನು ವಾಪಸ್ ಎತ್ತಿಕೊಂಡ. ಚೋಟು ಎತ್ತಿಕೊಂಡ.

ತಾತ ತುಂಬ ಹೊತ್ತು ಆ ನಕ್ಷತ್ರವನ್ನೇ ನೋಡಿದ. ಆಮೇಲೆ ಮಿಡತೆಯನ್ನು ನೋಡಿದ. ಆಮೇಲೆ ಅದನ್ನು ಬಾಯಿಗೆ ಹಾಕಿಕೊಂಡು ಕಚಕ್ಕನೆ ಕಡಿದ.

ಅವನ ಕಣ್ಣು ಮುಚ್ಚಿತು. ಎಡಗೈ ತಾನಾಗಿ ಕೆನ್ನೆಗೆ ಹೋಯಿತು. "ಸ್ಸ್," ಎಂದು ಉಸಿರೆಳೆದ. ಆದರೂ ಅಗಿದ. ನುಂಗಿದ.

ಕಚಕ್. ಚೋಟುವಿನ ಕಣ್ಣು ಮುಚ್ಚಿತು. ಎಡಗೈ ಕೆನ್ನೆಗೆ ಹೋಯಿತು. "ಸ್ಸ್," ಎಂದ. ಅಗಿದ. ನುಂಗಿದ.

"ತಿಂದ," ಎಂದು ಅಪ್ಪ ಪಿಸುಗುಟ್ಟಿದ. ಜೋರಾಗಿ ಹೇಳಿದರೆ ಕ್ಯಾರೆಟ್ ಹೊರಗೆ ಬಂದೀತೆಂದು ಅವನಿಗೆ ಭಯ.

ಅಮ್ಮ ನೋಡಿದ್ದು ಕೆನ್ನೆಯನ್ನು. "ಏನಾಯ್ತೋ ಕಂದ? ಹಲ್ಲು ನೋವಾ?"

ಎಲ್ಲರೂ ತನ್ನನ್ನೇ ನೋಡುತ್ತಿರುವುದು ಚೋಟುವಿಗೆ ಇಷ್ಟವಾಯಿತು. "ಹ್ಞೂಂ."

"ಅಯ್ಯೋ, ಅದಕ್ಕೇ ಏನೂ ತಿಂತಿರಲಿಲ್ಲ ಇವನು. ಬಾಯಿ ತೆಗಿ. ಇನ್ನೂ ಅಗಲ." ಅಮ್ಮ ಮೊಬೈಲಿನ ಟಾರ್ಚ್ ಹಾಕಿ ಇಣುಕಿದಳು. "ಏನೂ ಕಾಣ್ತಿಲ್ಲ. ಒಳಗೆ ಹುಳುಕಾಗಿರಬೇಕು. ನಾಳೆ ಬೆಳಿಗ್ಗೆನೇ ಡಾಕ್ಟರ್ ಹತ್ರ ಹೋಗೋಣ."

ಚೋಟು ಕುರ್ಚಿಯಿಂದ ಜಾರಿ ಇಳಿದ. ಓಡಿಹೋಗಿ ಗೋಡೆಗೆ ಬೆನ್ನು ಒತ್ತಿ ನಿಂತು, ಎರಡೂ ಕೈ ಹಿಂದಕ್ಕೆ ಅಡ್ಡ ಹಿಡಿದು, ಹೋ ಎಂದು ಅಳತೊಡಗಿದ.

ಮಿಡತೆಯ ನಾಲಿಗೆಯ ತುದಿಯವರೆಗೆ ಮಾತು ಬಂದಿತ್ತು. ಅವಳು ತುಟಿ ಕಚ್ಚಿ ಹಿಡಿದಳು. ತಾತನ ಕಡೆ ನೋಡಲೂ ಇಲ್ಲ. ನೋಡಿದರೆ ಹೇಳಿದ ಹಾಗೇ ಆಗುತ್ತಿತ್ತು.

"ಅವನನ್ನ ಬಿಡಮ್ಮ," ಎಂದ ತಾತ. "ಅವನ ಹಲ್ಲಿಗೆ ಏನೂ ಆಗಿಲ್ಲ."

ಬಾಯಿಗೆ ಕೈ ಹಾಕಿ ಹಲ್ಲು ಸೆಟ್ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟ.

"ನೋವು ಇರೋದು ಇಲ್ಲಿ."

ಚೋಟುವಿನ ಅಳು ಅರ್ಧಕ್ಕೇ ನಿಂತಿತು. ಅಮ್ಮ ಹಲ್ಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು.

"ಮಾವ, ಇದನ್ನ ನೀವು ಉಜ್ಜಿದ್ದೀರಾ?"

ತಾತ ಹೌದೆಂದು ತಲೆಯಾಡಿಸಿದ. ಅಪ್ಪನಿಗೆ ಇದ್ದಕ್ಕಿದ್ದಂತೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಅವನು ಎದ್ದು ಹೋಗುವಾಗ ಬೆನ್ನು ಕುಲುಕುತ್ತಿತ್ತು.

ಅಮ್ಮ ನಗಲಿಲ್ಲ. "ಒಂದು ತಿಂಗಳಿಂದ ಸುಮ್ನೆ ನೋವು ತಿಂದ್ಕೊಂಡು ಕೂತಿದ್ರಾ? ಒಂದು ಮಾತು ಹೇಳೋಕೆ ಏನಾಗಿತ್ತು?"

"ಮೂರು ಸಲ ರಜಾ ಹಾಕಿದ್ದೆ ನೀನು. ನಾಲ್ಕನೇ ಸಲ ಯಾವ ಮುಖ ಇಟ್ಕೊಂಡು ಕೇಳ್ಲಿ? ಅದೂ ನಾನೇ ಕೆಡಿಸಿದ್ದಕ್ಕೆ."

ಅಮ್ಮ ಹಲ್ಲು ಸೆಟ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಆಮೇಲೆ ಗಂಟಲು ಸರಿಮಾಡಿಕೊಂಡಳು.

"ಪ್ರಯಾಣಿಕರ ಗಮನಕ್ಕೆ. ನಾಳೆ ಬೆಳಿಗ್ಗೆ ಹಲ್ಲಿನ ಡಾಕ್ಟರ್ ಕಡೆಗೆ ಹೊರಡುವ ಬಸ್ಸಿನಲ್ಲಿ ಮಾವನಿಗೆ ಸೀಟು ಕಾಯ್ದಿರಿಸಲಾಗಿದೆ." ಮೈಕಿನ ಮುಂದೆ ಎಂದೂ ನಡುಗದ ಅವಳ ದನಿ ಕೊನೆಯಲ್ಲಿ ಸ್ವಲ್ಪ ನಡುಗಿತು.

ಹಲ್ಲಿನ ಡಾಕ್ಟರು ಸೆಟ್ಟನ್ನು ನೋಡಿದರು. ತಾತನನ್ನು ನೋಡಿದರು. "ಬರದೇ ಇರೋ ಕೆಲಸಕ್ಕೆ ಯಾಕೆ ಕೈ ಹಾಕೋಕೆ ಹೋದ್ರಿ? ನಾನಿರಲಿಲ್ವಾ?" ಎಂದರು.

"ಬೈಯಿರಿ, ಬೈಯಿರಿ," ಎಂದ ತಾತ. "ನಾನಾಗಿದ್ರೆ ಇನ್ನೂ ಜೋರಾಗಿ ಬೈತಿದ್ದೆ." ಪಕ್ಕದಲ್ಲಿ ಕೂತಿದ್ದ ಮಿಡತೆ ಗೋಡೆಯ ಮೇಲಿನ ದೊಡ್ಡ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಸೆಟ್ ಸರಿಮಾಡಲು ಸಂಜೆಯವರೆಗೆ ಬೇಕಿತ್ತು. ಅಲ್ಲಿಯವರೆಗೆ ತಾತನಿಗೆ ಹಲ್ಲಿಲ್ಲ. ಮಧ್ಯಾಹ್ನ ಅಪ್ಪ ಕ್ಯಾರೆಟ್, ಬೀನ್ಸ್ ಎಲ್ಲವನ್ನೂ ಮೆತ್ತಗೆ ಬೇಯಿಸಿ ಅವನಿಗಾಗಿ ಹಿಸುಕಿದ. ಜೊತೆಗೆ ಚೆನ್ನಾಗಿ ಕಳಿತ ಪಪ್ಪಾಯಿ. ಇಷ್ಟು ದಿನದ ನಕ್ಷತ್ರಗಳೆಲ್ಲ ಒಂದೇ ಕಿತ್ತಳೆ ಬಣ್ಣದ ಗುಡ್ಡೆಯಾಗಿದ್ದು ನೋಡಿ ಅಪ್ಪನಿಗೆ ಸಂಕಟವಾಯಿತು.

ತಾತ ತುಟಿಗಳನ್ನು ಒಳಗೆ ಮಡಿಸಿಕೊಂಡು, ಪಚ ಪಚ ಎಂದು ತಿಂದ.

"ನಂಗೂ," ಎಂದ ಚೋಟು.

"ನಿಂಗೆ ಹಲ್ಲಿದೆಯಲ್ಲೋ," ಎಂದಳು ಮಿಡತೆ.

ಚೋಟು ತುಟಿಗಳನ್ನು ಒಳಗೆ ಮಡಿಸಿಕೊಂಡು ಹಲ್ಲೆಲ್ಲ ಮುಚ್ಚಿ ತೋರಿಸಿದ. ಪಚ ಪಚ ಎಂದು ಒಂದು ಬಟ್ಟಲು ಮುಗಿಸಿದ. ಪಪ್ಪಾಯಿಯನ್ನು ಎರಡು ಸಲ ಹಾಕಿಸಿಕೊಂಡ. ರಾತ್ರಿ ತಾತ ಸರಿಯಾದ ಹಲ್ಲಿನಲ್ಲಿ ಸೌತೆಕಾಯಿಯ ದೋಣಿಯೊಂದನ್ನು ಹೆದರಿ ಹೆದರಿ ಕಡಿದ. ನೋಯಲಿಲ್ಲ. ಅವನ ಮುಖ ಅರಳಿತು. ಪಕ್ಕದಲ್ಲಿ ಇನ್ನೊಂದು ದೋಣಿ ಮುಳುಗಿತು, ಇನ್ನೊಂದು ಮುಖವೂ ಅರಳಿತು.

ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಮುಂದೆ ಮತ್ತೆ ಸಾಲು ನಿಂತಿತ್ತು. ಯಾರೂ ಏನೂ ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ.

ಒಳಗೆ ತುಂಬ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ ರಾಗವಾಗಿ ಒಂದು ದನಿ ಬಂತು.

"ಪಯಾಣಿಕರ ಗಮನಕ್ಕೆ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಬಸ್ಸು ಬಂತು," ಎಂದ ಚೋಟು.

ಸೋಮವಾರ ಲೆಕ್ಕದ ಪೀರಿಯಡ್‌ನಲ್ಲಿ ಮಿಡತೆಯ ಪೆನ್ಸಿಲ್ ಮತ್ತೆ ಕಳೆದುಹೋಯಿತು. ಡೆಸ್ಕಿನ ಮೇಲಿಲ್ಲ, ಪೌಚಿನಲ್ಲಿಲ್ಲ, ಬೆಂಚಿನ ಕೆಳಗೂ ಇಲ್ಲ. ಪಕ್ಕದ ಹುಡುಗಿ ಬೆರಳು ತೋರಿಸುವ ಮೊದಲೇ ಅವಳ ಕೈ ಕಿವಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

ಬಲಗಿವಿ. ಮೊನೆ ಮುಂದಕ್ಕೆ. ಶೆಡ್ಡಿನ ಕಿಟಕಿಯ ಬೆಳಕಿನಲ್ಲಿ ತಾತನ ಕಿವಿಯ ಮೇಲೆ ಅವಳು ನೋಡಿದ್ದೂ ಹಾಗೇ ಇತ್ತು.

ಮೊನ್ನೆ ಮಿಸ್ ಕೇಳಿದ್ದಕ್ಕೆ ಈಗ ಅವಳ ಹತ್ತಿರ ಉತ್ತರವಿತ್ತು. ಆದರೆ ಇವತ್ತು ಮಿಸ್ ಬೋರ್ಡಿನ ಕಡೆ ತಿರುಗಿ ಭಾಗಾಕಾರ ಬರೆಯುತ್ತಿದ್ದರು, ಏನೂ ಕೇಳಲಿಲ್ಲ.

ಮಿಡತೆ ಪೆನ್ಸಿಲ್ ತೆಗೆದು ಲೆಕ್ಕ ಮುಗಿಸಿದಳು. ಆಮೇಲೆ ಅದನ್ನು ಇದ್ದ ಜಾಗಕ್ಕೇ ಸಿಕ್ಕಿಸಿಕೊಂಡಳು. ಈ ಸಲ ಅದು ತಾನಾಗಿ ಹೋಗಿ ಕೂತಿದ್ದಲ್ಲ.