ಬೆಳಗ್ಗೆ ಒಂಬತ್ತರ ನಗು

"ಅಮ್ಮಾ, ನಾನು! ನಾನು ಟಿವಿಲಿ ಬಂದೆ!"

ಚೂಟಿ ಸೋಫಾದ ಮೇಲೆ ಎದ್ದು ನಿಂತೇ ಬಿಟ್ಟಳು. ಟಿವಿಯ ತುಂಬ ಅವಳದೇ ಮುಖ. ಬಾಯಲ್ಲಿ ಇದ್ದಬದ್ದ ಹಲ್ಲೆಲ್ಲ ಕಾಣುವ ಹಾಗೆ ಬಿದ್ದು ಬಿದ್ದು ನಗುತ್ತಿದ್ದಳು.

ಮರುಕ್ಷಣವೇ ಅವಳ ಮುಖ ಸಪ್ಪಗಾಯಿತು. ಆ ನಗುವಿಗಿಂತ ಮುಂಚೆ ಟಿವಿಯಲ್ಲಿ ಕಂಡಿದ್ದು ಸಣ್ಣಿ. ಅವಳ ಪ್ರಾಣದ ಗೆಳತಿ. ಮಕ್ಕಳ ಹಾಡಿನ ಸ್ಪರ್ಧೆಯಲ್ಲಿ, ಅಷ್ಟು ದೊಡ್ಡ ಸ್ಟೇಜಿನ ಮೇಲೆ, ಮೇಲಿನ ಸ್ವರ ಹಿಡಿಯಲು ಹೋಗಿ ಸಣ್ಣಿಯ ದನಿ ಒಡೆದಿತ್ತು. ಅದು ಒಡೆದ ತಕ್ಷಣ ಚೂಟಿ ನಗುವುದನ್ನು ತೋರಿಸಿದ್ದರು. ಆಮೇಲೆ ಜಡ್ಜ್ ಮೇಡಂ ಕಣ್ಣೊರೆಸಿಕೊಳ್ಳುವುದನ್ನು ತೋರಿಸಿದರು.

"ಏನೇ ಇದು? ಪಾಪ, ಅವಳು ಒದ್ದಾಡ್ತಿದ್ರೆ ನೀನು ಹಲ್ಲು ಕಿರೀತಿದೀಯ?" ಎಂದರು ಅಮ್ಮ.

"ನಾನು ಆಗ ನಗ್ಲಿಲ್ಲಮ್ಮ! ಅದು ಬೆಳಗ್ಗೆ ನಕ್ಕಿದ್ದು!"

"ಬೆಳಗ್ಗೆ ನಕ್ಕಿದ್ದು ಮಧ್ಯಾಹ್ನ ಅವಳು ಹಾಡೋವಾಗ ಹೇಗೆ ಬರತ್ತೆ? ಅದೇನು ತೇಗಾ?"

ತೇಗಲ್ಲ, ನಿಜ. ಆದರೆ ಆದದ್ದು ಹಾಗೆಯೇ. ಚೂಟಿಯ ಚಿಕ್ಕಮ್ಮನ ಕೆಲಸವೇ ಟಿವಿ ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕರೆತಂದು ಕೂರಿಸುವುದು. ಸಣ್ಣಿ ಹಾಡುತ್ತಾಳೆಂದು ಚೂಟಿಯೂ ರೆಕಾರ್ಡಿಂಗ್ ದಿನ ಹಟ ಹಿಡಿದು, ಪ್ರೇಕ್ಷಕರು ಬರುವ ಮೊದಲೇ ಚಿಕ್ಕಮ್ಮನ ಜೊತೆ ಹೋಗಿದ್ದಳು. ಬೆಳಗ್ಗೆ ಒಂಬತ್ತಕ್ಕೆ, ಹಾಡುವ ಮಕ್ಕಳು ಯಾರೂ ಬರುವ ಮೊದಲೇ, ಹೆಡ್‌ಫೋನ್ ಹಾಕಿದ ಅಣ್ಣ ಒಬ್ಬ ಎಲ್ಲರ ಮುಂದೆ ನಿಂತು ಕೂಗಿದ್ದ.

"ಈಗ ಎಲ್ರೂ ಚಪ್ಪಾಳೆ! ಈಗ ಆಶ್ಚರ್ಯ! ಈಗ ನಗಿ, ನಗ್ರೀ! ಯಾಕ್ರೀ, ಬಾಯಿಗೆ ಬೀಗ ಹಾಕಿದೀರಾ?"

ಯಾರಿಗೂ ನಗು ಬರಲಿಲ್ಲ. ಅವನು ರೇಗಿ ಹಿಂದೆ ಸರಿದವನು ತನ್ನದೇ ಹೆಡ್‌ಫೋನಿನ ವಯರಿಗೆ ಕಾಲು ಸಿಕ್ಕಿಸಿಕೊಂಡು ದೊಪ್ಪನೆ ಕುಕ್ಕರಿಸಿದ. ಚೂಟಿಗೆ ತಡೆಯಲಾಗಲಿಲ್ಲ. ಕ್ಯಾಮೆರಾ ಹಿಡಿದಿದ್ದು ಆ ನಗು.

ಮಧ್ಯಾಹ್ನ ಸಣ್ಣಿ ಹಾಡುವಾಗ ಚೂಟಿ ನಕ್ಕಿರಲಿಲ್ಲ. ಉಸಿರು ಬಿಗಿಹಿಡಿದು ಕೂತಿದ್ದಳು. ಅವಳಿಗೆ ಕಣ್ಣೀರು ಬಂದಿತ್ತು. ಆಗ ಯಾವ ಕ್ಯಾಮೆರಾವೂ ಅವಳ ಕಡೆ ತಿರುಗಿರಲಿಲ್ಲ.

ಸೋಮವಾರ ಸಣ್ಣಿ ಸ್ಕೂಲಿಗೆ ಬರಲಿಲ್ಲ. ಬೆಂಚಿನಲ್ಲಿ ಅವಳ ಜಾಗ ಖಾಲಿ ಬಿದ್ದಿತ್ತು.

"ಫ್ರೆಂಡಂತೆ ಫ್ರೆಂಡು," ಎಂದು ಹಿಂದಿನಿಂದ ಒಬ್ಬಳು ಕೇಳಿಸುವ ಹಾಗೆಯೇ ಹೇಳಿದಳು.

"ಸಣ್ಣಿ ಥರ ಹಾಡ್ಲಾ, ಚೂಟಿ ಥರ ನಗ್ಲಾ?" ಎಂದು ಇನ್ನೊಬ್ಬ ಎರಡನ್ನೂ ಮಾಡಿ ತೋರಿಸಿದ. ಇಡೀ ಕ್ಲಾಸ್ ಗೊಳ್ಳೆಂದಿತು. ಸಣ್ಣಿಯ ದನಿಗೂ ನಗುತ್ತಿದ್ದರು, ಚೂಟಿಯನ್ನೂ ಬೈಯುತ್ತಿದ್ದರು. ಇದ್ಯಾವ ನ್ಯಾಯ ಎಂದು ಚೂಟಿಗೆ ಅರ್ಥವಾಗಲಿಲ್ಲ. ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿಟ್ಟಳು.

ಮಂಗಳವಾರವೂ ಸಣ್ಣಿ ಬರಲಿಲ್ಲ. ಇನ್ನು ಅವಳು ಯಾವತ್ತೂ ನನ್ನ ಜೊತೆ ಮಾತಾಡದಿದ್ದರೆ? ಸಂಜೆ ಚೂಟಿ ಅಳುತ್ತ ಚಿಕ್ಕಮ್ಮನಿಗೆ ಫೋನ್ ಮಾಡಿದಳು.

"ಅಯ್ಯೋ ಪೆದ್ದೀ, ಅಷ್ಟಕ್ಕೆ ಅಳ್ತೀಯಾ?" ಎಂದರು ಚಿಕ್ಕಮ್ಮ. "ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳು. ಜಡ್ಜ್ ಮೇಡಂ ಅತ್ತಿದ್ದು ನಿನ್ನ ನಗೂಗಿಂತ್ಲೂ ಮೊದಲು, ನೀನೇ ನೋಡಿದೀಯಲ್ಲ. ಅಳೋದನ್ನ ಮೊದಲೇ ಮುಗಿಸಿದ್ರೆ ಮೇಕಪ್ ಒಂದೇ ಸಲ ಸರಿ ಮಾಡಬಹುದು. ಅದನ್ನ ಹೇಳು, ನಂಬ್ತಾಳೆ."

ಚೂಟಿ ನೋಡಿದ್ದು ಹೌದು. ಮೇಡಂ ತಲೆ ಮೇಲೆತ್ತಿ ಕಣ್ಣಿಗೆ ಎರಡು ಹನಿ ಔಷಧಿ ಬಿಟ್ಟುಕೊಂಡಿದ್ದರು. ಮೂರು ಸಲ ಅತ್ತರು. ಆಮೇಲೆ "ಕಾಫಿ ಎಲ್ಲಪ್ಪಾ?" ಎಂದು ಕೇಳಿದ್ದರು.

ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಚೂಟಿ ಒಂದೇ ಉಸಿರಿಗೆ ಸಣ್ಣಿಯ ಮನೆಯ ಮೆಟ್ಟಿಲು ಹತ್ತಿದಳು. ಇಸ್ತ್ರಿ ಮಾಡುತ್ತಿದ್ದ ಸಣ್ಣಿಯ ಅಮ್ಮ ಎಂದಿನಂತೆ "ಬಾಮ್ಮ" ಎನ್ನಲಿಲ್ಲ. ಒಳಗೆ ಕೈ ತೋರಿಸಿದರು.

ಸಣ್ಣಿ ಮಂಚದ ಮೇಲೆ ಗೋಡೆಗೊರಗಿ ಕೂತು ಅಮ್ಮನ ಫೋನ್ ನೋಡುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ನಿನ್ನ ನೋಡಿ ನಗ್ಲಿಲ್ಲ ಕಣೇ," ಎಂದಳು ಚೂಟಿ. "ಅದು ಬೆಳಗ್ಗೆ ಒಂಬತ್ತಕ್ಕೆ ತೆಗೆದಿದ್ದು. ನೀನಿನ್ನೂ ಸ್ಟುಡಿಯೋಗೆ ಬಂದೇ ಇರ್ಲಿಲ್ಲ. ದೇವ್ರಾಣೆ."

ಸಣ್ಣಿ ಫೋನನ್ನು ಚೂಟಿಯ ಕಡೆ ತಿರುಗಿಸಿದಳು. ಜಡ್ಜ್ ಮೇಡಂ ಕಣ್ಣೊರೆಸಿಕೊಳ್ಳುವಲ್ಲಿಗೆ ವೀಡಿಯೋ ನಿಂತಿತ್ತು.

"ಎಲ್ರೂ ನಕ್ರು," ಎಂದಳು ಸಣ್ಣಿ. "ಕೆಳಗಡೆ ಮನೆ ಅಂಕಲ್ ಕೂಡ ನಕ್ರು. ಇವರೊಬ್ರೇ ಅತ್ತಿದ್ದು. ಎಷ್ಟು ದೊಡ್ಡ ಸಿಂಗರ್ ಇವರು, ಗೊತ್ತಾ? ನನಗೋಸ್ಕರ ಅತ್ರು."

ಕಣ್ಣಿನ ಹನಿಯ ಮಾತು ಹೇಳಲೆಂದೇ ಬಂದಿದ್ದ ಚೂಟಿ ಬಗ್ಗಿ ಫೋನ್ ನೋಡಿದಳು.

"ನಿನ್ನ ನಗು ಬೆಳಗ್ಗೇದು ಅಂತೀಯಲ್ಲ," ಎಂದು ಸಣ್ಣಿ ಮೊದಲ ಸಲ ಅವಳ ಮುಖ ನೋಡಿದಳು. "ಹಾಗಾದ್ರೆ ಮೇಡಂ ಅತ್ತಿದ್ದೂ ಬೆಳಗ್ಗೆನಾ?"

ಹೌದು ಅಂದರೆ ಮುಗಿಯಿತು. ಸಣ್ಣಿ ನಂಬುತ್ತಾಳೆ, ನಾಳೆ ಜೊತೆಯಲ್ಲಿ ಸ್ಕೂಲಿಗೆ ಬರುತ್ತಾಳೆ. ಆದರೆ ಅತ್ತು ಅತ್ತು ಊದಿದ್ದ ಸಣ್ಣಿಯ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಚೂಟಿಗೆ ಭಯವಾಯಿತು. ಸಣ್ಣಿಯ ಕೈಯಲ್ಲಿರುವುದನ್ನು ಕಿತ್ತುಕೊಂಡು ಓಡಲು ಬಂದವಳ ಹಾಗೆ ತಾನು ನಿಂತಿದ್ದೇನೆ ಅನ್ನಿಸಿತು.

"ಇಲ್ಲಪ್ಪ," ಎಂದಳು. "ಮೇಡಂ ನಿಜವಾಗ್ಲೂ ಅತ್ರು."

"ನಿನ್ನ ನಗು ಮಾತ್ರ ಬೆಳಗ್ಗೇದು?"

"ಹೂಂ. ನಂದು ಮಾತ್ರ."

ಹೇಳುವಾಗಲೇ ಚೂಟಿಗೆ ಗೊತ್ತಾಯಿತು, ಇಂಥ ಮಾತನ್ನು ಎಳೆಮಗುವೂ ನಂಬುವುದಿಲ್ಲ. ಎಲ್ಲ ಕೈತಪ್ಪಿ ಹೋಯಿತು. ಅವಳು ಬಾಗಿಲ ಕಡೆ ತಿರುಗಿದಳು.

"ಮೇಡಂ ಹಿಂದೆ ನೋಡು," ಎಂದಳು ಸಣ್ಣಿ. "ಕುರ್ಚಿಗಳೆಲ್ಲ ಖಾಲಿ ಇವೆ. ನಾನು ಹಾಡುವಾಗ ಒಂದೂ ಖಾಲಿ ಇರ್ಲಿಲ್ಲ."

ಚೂಟಿ ನಿಂತಳು. "ಅದನ್ನ ಯಾವಾಗ ನೋಡ್ದೆ?"

"ಮೊದಲ್ನೇ ಸಲ ನೋಡಿದಾಗ್ಲೇ."

ಹೊರಗೆ ಇಸ್ತ್ರಿ ಪೆಟ್ಟಿಗೆ ಮೇಜಿನ ಮೇಲೆ ಸರಿಯುವ ಸದ್ದು ಕೇಳುತ್ತಿತ್ತು. ಮೇಡಂ ಅತ್ತಿದ್ದು ತನಗೋಸ್ಕರ ಅಲ್ಲ ಎಂದು ಸಣ್ಣಿಗೆ ಮೊದಲ ಸಲವೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಎರಡು ದಿನ ಸಣ್ಣಿ ಅದನ್ನೇ ನೋಡುತ್ತ ಕೂತಿದ್ದಳು. ಯಾಕೆಂದು ಚೂಟಿ ಕೇಳಲಿಲ್ಲ. ಅವಳಿಗೆ ಅರ್ಥವಾಗಿತ್ತು.

ಸಣ್ಣಿ ಫೋನನ್ನು ದಿಂಬಿನ ಪಕ್ಕ ಬೋರಲು ಹಾಕಿ, ಕಾಲು ಮಡಚಿಕೊಂಡು ಜಾಗ ಬಿಟ್ಟಳು. ಚೂಟಿ ಹೋಗಿ ಅಲ್ಲಿ ಕೂತಳು.