ಸರಾಸರಿಗೆ ಸೇರಿದ ಸೊನ್ನೆಗಳು

"ಈ ಲೆಕ್ಕ ಹಾಕಿದ್ದು ನೀವೇನಾ?"

ರಾಲಿತ್ಸಾಳ ದನಿಗೆ ಇಡೀ ಕಚೇರಿ ತಿರುಗಿ ನೋಡಿತು. ಬಲ್ಗೇರಿಯಾದ ಆ ಗಣಿಯೂರಿನಲ್ಲಿ ಗಾಳಿಯ ಹೊಗೆ, ದೂಳು ಅಳೆಯುವ ಕಚೇರಿ ಅದು. ಅವಳಿಗೆ ಅಲ್ಲಿ ಮೊದಲ ದಿನ. ಕಂಪ್ಯೂಟರಿನಲ್ಲಿ ಕಳೆದ ಚಳಿಗಾಲದ ಒಂದು ವಾರದ ವರದಿ ತೆರೆದಿತ್ತು. ಅದರ ಕೆಳಗೆ ಯಾವೊರ್ ಎಂಬ ಸಹಿ!

ಬಡಕಲು ಯುವಕನೊಬ್ಬ ಎದ್ದು ನಿಂತ. "ಹೌದು... ನಾನೇ."

"ಹೊಗೆ ದಟ್ಟವಾದಾಗಲೆಲ್ಲ ಮೀಟರ್ ನಿಂತುಹೋಗಿದೆ. ಅಳತೆನೇ ಇಲ್ಲದ ಆ ಗಂಟೆಗಳನ್ನ ಸೊನ್ನೆ ಅಂತ ಸೇರಿಸಿ ಸರಾಸರಿ ತೆಗೆದಿದ್ದೀರಲ್ರೀ! ಸರಾಸರಿ ಇಳೀದೆ ಇನ್ನೇನಾಗುತ್ತೆ?"

ಅವನು ಪರದೆಯ ಮೇಲಿನ ತನ್ನ ಸಹಿಯನ್ನೇ ನೋಡಿದ.

"ಗಾಳಿ ಶುದ್ಧವಾಗಿದೆ ಅಂತ ವಾರವಾರವೂ ಬರೆದ್ರಿ. ಅದನ್ನ ನಂಬಿ ನಮ್ಮಮ್ಮ ದಿನಾ ಕಿಟಕಿ ತೆಗೀತಿದ್ಲು. ಉಬ್ಬಸದಲ್ಲೇ ಹೋದ್ಲು!"

ಯಾವೊರ್‌ನ ಮುಖ ಬಿಳಿಚಿಕೊಂಡಿತು. ಅವನು ಮರಳಿ ಕೂತು ಆ ದಿನದ ಅಳತೆಗಳತ್ತ ತಿರುಗಿದ.

ಚಳಿಗಾಲವಿಡೀ ಇಬ್ಬರೂ ಎದುರುಬದುರು ಕೂತು ಕೆಲಸ ಮಾಡಿದರು. ಅವಳಿಗೆ ಕೆಮ್ಮು ಹತ್ತಿದ ದಿನ ಅವನು ಬಿಸಿ ಚಹಾ ತಂದಿಟ್ಟ. ಅವಳು ಅವನ ಕಣ್ಣೆದುರೇ ಅದನ್ನು ಚೆಲ್ಲಿದಳು. ಆಮೇಲೆ ಯಾಕೋ ಆ ಲೋಟವನ್ನು ತಾನೇ ತೊಳೆದು ಅವನ ಮೇಜಿನ ಮೇಲಿಟ್ಟಳು...

'ದ್ವೇಷಿಸಬೇಕಾದವನು ಬರುವುದು ತಡವಾದರೆ ನಾನೇಕೆ ಬಾಗಿಲು ನೋಡುತ್ತೇನೆ?'

ಮಾರ್ಚಿನಲ್ಲಿ ಊರಸಭೆ ಸೇರಿತು. "ಈ ವರ್ಷವೂ ಗಾಳಿ ಶುದ್ಧ!" ಕಚೇರಿಯ ನಿರ್ದೇಶಕರು ನಗುತ್ತ ವರದಿ ಓದಿದರು.

ರಾಲಿತ್ಸಾ ದಂಗಾದಳು. ಅಳತೆಯಿಲ್ಲದ ಗಂಟೆಗಳನ್ನು ಕೈಬಿಟ್ಟು ಅವಳು ತೆಗೆದುಕೊಟ್ಟಿದ್ದ ಸರಾಸರಿ ಅಲ್ಲಿರಲಿಲ್ಲ!

ಅಷ್ಟರಲ್ಲಿ ಯಾವೊರ್ ಎದ್ದ. "ಸುಳ್ಳು! ಹೋದ ವರ್ಷ ನನ್ನ ಲೆಕ್ಕಕ್ಕೆ ಸೊನ್ನೆ ತುಂಬಿದ್ರಿ. ಈಗ ಇವಳದಕ್ಕೂ ತುಂಬಿದ್ದೀರಿ."

ಸಭೆ ಮುಗಿಯುವ ಮುನ್ನವೇ ಅವನ ಕೆಲಸ ಹೋಯಿತು. ಊರವರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಗಣಿಯ ಕೂಲಿಯಲ್ಲೇ ಬದುಕುವವರು ಗಣಿ ಮುಚ್ಚೀತೆಂದು ಹೆದರಿ ಅವನ ಮೇಲೆ ಉಗಿದರು.

ಅವಳು ಬೀದಿಗೆ ಓಡಿ ಅವನ ತೋಳು ಹಿಡಿದಳು. "ಆವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಲಿ? ಬದಲಾಯಿಸಿದ್ದು ಗೊತ್ತಿದ್ದೂ ಸಹಿ ಹಾಕಿದೆ. ಕೆಲಸ ಹೋಗುತ್ತೆ ಅಂತ ಹೆದರಿದೆ, ರಾಲಿತ್ಸಾ. ನಿಮ್ಮಮ್ಮನ ವಿಷಯದಲ್ಲಿ ನನ್ನ ಪಾಲೂ ಇದೆ."

ಅವಳು ಬಿಕ್ಕಿದಳು. "ನಿನ್ನ ಕ್ಷಮಿಸೋಕೆ ನನ್ನಿಂದ ಆಗ್ತಿಲ್ಲ... ಬಿಟ್ಟಿರೋಕೂ ಆಗ್ತಿಲ್ಲ."

"ನಿನ್ನ ಪ್ರೀತಿಸ್ತೀನಿ. ಅದನ್ನ ಹೇಳೋಕೂ ನಂಗೆ ಮುಖ ಇಲ್ಲ."

ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ನಾಳೆ ಅಮ್ಮನ ವರ್ಷದ ಸ್ಮರಣೆ. ಅವಳ ಹೆಸರಲ್ಲಿ ಹಂಚೋಕೆ ಸಮಾಧಿಗೆ ಬೇಯಿಸಿದ ಗೋಧಿ ಒಯ್ಯಬೇಕು. ಬಾ."

"ಅವರ ಮುಂದೆ ಹೇಗೆ ನಿಲ್ಲಲಿ?"

"ನನ್ನ ಪಕ್ಕ ನಿಲ್ಲು."